ಕೀಲೆಣ್ಣೆ ಬಣ್ಣದ ಲೇಹ್ಯ

ಅವ್ವ ಲೇಹ್ಯ ಮಾಡುತ್ತಿದ್ದದ್ದು ಕಬ್ಬಿಣದ ಬಾಣಲೆಯಲ್ಲಿ. ಇದೊಂದರಲ್ಲಿ ನನಗೆ ಅನುಮಾನವಿಲ್ಲ. ಉಳಿದದ್ದರಲ್ಲೆಲ್ಲ ಇದೆ. ಯಾವ ವರ್ಷ, ಯಾರು ಮೊದಲು ಏನಂದರು, ಆ ಮಾತನ್ನು ನಾನು ಅಡುಗೆಮನೆಯಲ್ಲಿ ನಿಂತು ಆಡಿದೆನೋ ಹಿತ್ತಿಲಲ್ಲೋ, ಅಕ್ಕನನ್ನು ಕೇಳಿದರೆ ಒಂದು ಹೇಳುತ್ತಾಳೆ, ನನ್ನ ತಲೆಯೊಳಗೆ ಇನ್ನೊಂದು ಕೂತಿದೆ. ನಾನು ರಸಾಯನಶಾಸ್ತ್ರ ಓದಿದವನು. ಎರಡು ಅಳತೆ ಒಂದಕ್ಕೊಂದು ಹೊಂದದಿದ್ದರೆ ಮೂರನೆಯದನ್ನು ತೆಗೆಯಬೇಕು ಎಂದು ಕಲಿತವನು. ಇಲ್ಲಿ ಮೂರನೆಯ ಸಾಕ್ಷಿ ಅವ್ವ. ಅವಳು ಈಗಿಲ್ಲ.

ನಮ್ಮ ಮನೆ ಚನ್ನಗಿರಿಯಲ್ಲಿ ಸಂತೆ ಮೈದಾನಕ್ಕೆ ಹೋಗುವ ಬೀದಿಯಲ್ಲಿತ್ತು. ಅಪ್ಪನದು ಒಣಮೆಣಸಿನಕಾಯಿ ವ್ಯಾಪಾರ. ಅವ್ವನ ತವರು ಹೊನ್ನಾಳಿ. ಚಳಿ ಹಿಡಿಯುವ ಹೊತ್ತಿಗೆ ಅವಳ ತಮ್ಮ ನ್ಯಾಮತಿ ಕಡೆಯ ಗುಡ್ಡಗಳಿಂದ ಬೆಟ್ಟದ ನೆಲ್ಲಿಕಾಯಿ ತರಿಸಿ, ಬಸ್ಸಿನ ಮೇಲೆ ಚೀಲ ಹಾಕಿ ಕಳಿಸುತ್ತಿದ್ದ. ಅಳಲೆಕಾಯಿ ನಮ್ಮೂರಿನ ಕಾಡಿನದೇ. ಅವ್ವ ನೆಲ್ಲಿಕಾಯಿ ಬೇಯಿಸಿ, ಬೀಜ ತೆಗೆದು, ತೆಳು ಬಟ್ಟೆಯಲ್ಲಿ ಉಜ್ಜಿ ತಿರುಳು ಇಳಿಸುವಳು. ಅದಕ್ಕೆ ಬೆಲ್ಲ, ಒಣಶುಂಠಿ, ಹಿಪ್ಪಲಿ, ಅಳಲೆಕಾಯಿ ಪುಡಿ ಹಾಕಿ ಬಾಣಲೆಯಲ್ಲಿ ಮಗುಚುತ್ತ ಕೂರುವಳು. ತುಪ್ಪ ಬಿಡುವುದು ಕಡೆಗೆ. ಇಳಿಸಿದ ಮೇಲೂ ಬೇರೆ ಪಾತ್ರೆಗೆ ತೆಗೆಯುತ್ತಿರಲಿಲ್ಲ. ಮರುದಿನದವರೆಗೆ ಅದೇ ಬಾಣಲೆಯಲ್ಲಿ ಬಿಡಬೇಕು. ಬೆಳಿಗ್ಗೆ ನೋಡಿದರೆ ಕಂದು ಹೋಗಿ ಕಪ್ಪಾಗಿರುತ್ತಿತ್ತು, ಬೆರಳಿಗೆ ಹತ್ತಿದರೆ ತೊಳೆದರೂ ಹೋಗದಂಥ ಕಪ್ಪು.

"ಬಾಣಲೆ ಒಪ್ಪಿಕೊಂತು" ಎನ್ನುವಳು ಅವ್ವ. ಕಪ್ಪಾಗದಿದ್ದರೆ ಬಾಣಲೆ ಒಪ್ಪಿಲ್ಲ ಎಂದು ಇನ್ನೂ ಸ್ವಲ್ಪ ಹೊತ್ತು ಬಿಡುವಳು.

ಬೀದಿಯ ಹೆಂಗಸರು ಬಟ್ಟಲು ಹಿಡಿದು ಬರುತ್ತಿದ್ದರು. ಬಾಣಂತಿಗೆ, ಜ್ವರದಿಂದ ಎದ್ದ ಮಗುವಿಗೆ, ಮೈನೆರೆದ ಹುಡುಗಿಗೆ. ಅವ್ವನ ಕೈಗುಣ ಒಳ್ಳೆಯದು ಎಂಬ ಮಾತು ನಮ್ಮ ಬೀದಿ ದಾಟಿ ಸಂತೇಬೆನ್ನೂರಿನವರೆಗೂ ಹೋಗಿತ್ತು. ಆ ಮಾತು ಕೇಳಿದಾಗ ಅವ್ವ ಸೆರಗು ಸರಿಮಾಡಿಕೊಳ್ಳುವಳು. ಅಷ್ಟೇ. ಆದರೆ ಅವಳಿಗೆ ಬದುಕಿನಲ್ಲಿ ತನ್ನದು ಅಂತ ಇದ್ದದ್ದು ಅದೊಂದೇ ಎಂದು ಈಗ ಅನಿಸುತ್ತದೆ. ಮನೆ ಅಪ್ಪನದು, ವ್ಯಾಪಾರ ಅಪ್ಪನದು, ಮಕ್ಕಳು ಓದಿಗೂ ಗಂಡನ ಮನೆಗೂ ಸೇರಿದವರು. ಕೈಗುಣ ಮಾತ್ರ ಅವಳದು.

ಕಾಲೇಜಿಗೆ ಸೇರಿದ ಹೊಸದರಲ್ಲಿ ನಾನು ಅವಳನ್ನು ಛೇಡಿಸುತ್ತಿದ್ದೆ.

"ಕೈಗುಣ ಅಲ್ಲವ್ವಾ, ಬೆಲ್ಲದ ಗುಣ. ಜ್ವರದಿಂದ ಎದ್ದೋರಿಗೆ ಏನು ಸಿಹಿ ಕೊಟ್ರೂ ಹುಷಾರಾಗ್ತಾರೆ."

"ಹೌದಪ್ಪಾ. ಆ ಬೆಲ್ಲ ಹಾಕಿದ್ದು ಯಾವ ಕೈ?"

"ಅದಕ್ಕೆ ಪುರಾವೆ ಏನೈತೆ?"

"ನೀನೇ ಪುರಾವೆ. ಚಿಕ್ಕೋನಿದ್ದಾಗ ಹಿಂಗಿದ್ದೆ" ಎಂದು ಕಿರುಬೆರಳು ತೋರಿಸುವಳು. "ಈಗ ನನಗೇ ಬುದ್ಧಿ ಹೇಳಾಕೆ ಬಂದೀಯ."

ಅಕ್ಕನನ್ನು ಜಗಳೂರಿಗೆ ಕೊಟ್ಟರು. ಎಪ್ಪತ್ತರ ದಶಕದ ಮೊದಲ ಭಾಗ. ಭಾವನ ಮನೆಯವರದು ಶೇಂಗಾ ವ್ಯಾಪಾರ. ಭಾವ ಮಾತು ಕಡಿಮೆ. ಅವರ ಪಾಲಿನದನ್ನೂ ಸೇರಿಸಿ ಅಕ್ಕನ ಅತ್ತೆ ಆಡುತ್ತಿದ್ದರು. ದೊಡ್ಡ ಗಂಟಲು, ದೊಡ್ಡ ನಗು. ಅವರು ಕೆಟ್ಟವರೆಂದು ನನಗೆ ಯಾವತ್ತೂ ಅನಿಸಿಲ್ಲ. ಮಾತಿಗೆ ಸಿಕ್ಕಿದ್ದನ್ನು ಬಿಡುತ್ತಿರಲಿಲ್ಲ, ಅಷ್ಟೇ.

ಮದುವೆಯಾದ ವರ್ಷ ಅವ್ವ ನೆಲ್ಲಿಕಾಯಿ ಲೇಹ್ಯದ ಡಬ್ಬಿ ಹಿಡಿದು ಜಗಳೂರಿಗೆ ಹೊರಟಳು. ಜೊತೆಗೆ ನಾನು. ಅವತ್ತು ಅವರ ಮನೆಯಲ್ಲಿ ನೆಂಟರಿಷ್ಟರು ತುಂಬಿದ್ದರು. ಅತ್ತೆ ಎಲ್ಲರೆದುರು ಡಬ್ಬಿಯ ಮುಚ್ಚಳ ತೆಗೆದರು, ಬಗ್ಗಿ ನೋಡಿದರು.

"ಏನ್ರೀ ಬೀಗರೇ, ನಮ್ಮ ಬಂಡಿಗೆ ಕೀಲೆಣ್ಣೆ ಇಲ್ಲ ಅಂತ ಯಾರು ಹೇಳಿದ್ರು ನಿಮಗೆ? ಇದು ತಿನ್ನಾಕೋ, ಗಾಲಿಗೆ ಹಚ್ಚಾಕೋ?"

ಪಡಸಾಲೆ ಪೂರಾ ನಕ್ಕಿತು. ಅವ್ವನೂ ನಕ್ಕಳು.

"ನಿಮ್ಮ ಸೊಸೆ ಗಾಲಿ ಚೆಂದಾಗಿ ಉರುಳ್ಲಿ ಅಂತ ತಂದೀನಿ ಬೀಗರೇ. ಕಿರುಗುಟ್ಟಿದ್ರೆ ನನಗೆ ಹೇಳಿ ಕಳಿಸ್ರಿ."

ಎಲ್ಲರೂ ಇನ್ನೊಮ್ಮೆ ನಕ್ಕರು. ಮಾತಿನಲ್ಲಿ ಅವ್ವ ಸೋತಿರಲಿಲ್ಲ. ಆದರೆ ವಾಪಸು ಬರುವಾಗ ದಾವಣಗೆರೆ ಬರುವ ತನಕ ಬೆರಳಿಗೆ ಹತ್ತಿದ್ದ ಕಪ್ಪನ್ನು ಸೆರಗಿನಿಂದ ಉಜ್ಜುತ್ತಲೇ ಇದ್ದಳು. ಅಲ್ಲಿ ಬಸ್ಸು ಬದಲಿಸಿ ಕೂತ ಮೇಲೆ ಕೇಳಿದಳು: "ಭಾಳ ಕರ್ರಗೆ ಕಾಣ್ತೈತೇನೋ?"

ನಾನು ಏನು ಹೇಳಿದೆ? ನೆನಪಿಲ್ಲ. ಕರ್ರಗಿದೆ ಎಂದೇ ಹೇಳಿರಬೇಕು. ಕರ್ರಗೇ ಇತ್ತಲ್ಲ.

ಮರುವರ್ಷ ಅವ್ವ ಅಟ್ಟದಿಂದ ತಾಮ್ರದ ತಪ್ಪಲೆ ಇಳಿಸಿದಳು. ಹೊನ್ನಾಳಿಯಿಂದ ಅವಳ ಮದುವೆಗೆ ಕೊಟ್ಟದ್ದು. ಬೀದಿಯ ಕೊನೆಯ ಬೇವಿನ ಮರದ ಕೆಳಗೆ ಕಲಾಯಿಯವರು ತಿದಿ ಹೂಡಿ ಕೂತಿದ್ದರು. ಅವ್ವ ತಾನೇ ತಪ್ಪಲೆ ಹೊತ್ತು ಹೋಗಿ ಒಳಗೆಲ್ಲ ತವರದ ಕಲಾಯಿ ಹಾಕಿಸಿದಳು. ಕಾದ ತಾಮ್ರಕ್ಕೆ ನವಸಾಗರ ತೂರಿದಾಗ ಏಳುವ ಬಿಳಿ ಹೊಗೆ, ಅರಳೆಯಲ್ಲಿ ಒಂದೇ ಸಲ ಬಳಿದಾಗ ಕನ್ನಡಿಯಂತೆ ಹೊಳೆಯುವ ತಳ. ಅದನ್ನು ನೋಡಲು ನಾನೂ ನಿಂತಿದ್ದೆ. ಅಥವಾ ಬೇರೆ ಯಾವಾಗಲೋ ನೋಡಿದ್ದನ್ನು ಇಲ್ಲಿಗೆ ತಂದು ಸೇರಿಸಿದ್ದೇನೆ.

ಆ ತಪ್ಪಲೆಯಲ್ಲಿ ಮಾಡಿದ ಲೇಹ್ಯ ಕಪ್ಪಾಗಲಿಲ್ಲ. ಜೇನಿನ ಬಣ್ಣ ಬಂತು. ಅವ್ವ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಬೀದಿಯವರಿಗೆ ಎಂದಿನಂತೆ ಬಾಣಲೆಯ ಕರಿ ಲೇಹ್ಯ. ಬೀಗರ ಮನೆಗೆ ಮಾತ್ರ ತಪ್ಪಲೆಯ ಹೊಂಬಣ್ಣದ್ದು. ಹುಳಿಗೆ ಕಲಾಯಿ ಸವೆಯುತ್ತದೆ. ಸವೆದಾಗಲೆಲ್ಲ ಮತ್ತೆ ಹಾಕಿಸುವಳು, ಬೀಗರ ಲೇಹ್ಯಕ್ಕೆ ಕಿಲುಬು ಸೇರಬಾರದೆಂದು.

"ಈಗ ನೋಡ್ರಿ ಬಂಗಾರ ಇದ್ದಂಗೈತೆ" ಎಂದರಂತೆ ಅತ್ತೆ. ಅಲ್ಲಿಗೇ ಬಿಡಲಿಲ್ಲ. ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಸೊಸೆಯನ್ನು ಎದುರಿಗೆ ಕೂರಿಸಿಕೊಂಡು ತಾವೇ ಚಮಚದಲ್ಲಿ ತೆಗೆದು ತಿನ್ನಿಸತೊಡಗಿದರು. ಬೀಗಿತ್ತಿ ಇಷ್ಟು ಅಕ್ಕರೆಯಿಂದ ಮಾಡಿ ಕಳಿಸಿದ್ದಾರೆ, ಸೊಸೆ ಬಸುರಿಯಾಗಬೇಕು, ಮೈಯಲ್ಲಿ ರಕ್ತ ತುಂಬಬೇಕು ಎಂದು.

ಅಕ್ಕ ಬಸುರಿಯಾದಳು. ನಿಲ್ಲಲಿಲ್ಲ. ಮತ್ತೆ ಆದಳು. ಅದೂ ನಿಲ್ಲಲಿಲ್ಲ.

ಎರಡನೆಯದು ಹೋದ ಮೇಲೆ ಅವಳನ್ನು ನೋಡಲು ಹೋಗಿದ್ದೆ. ಕಿವಿಯ ಹಾಲೆ ಕಾಗದದಂತೆ ಬಿಳಿಚಿತ್ತು. ಹೊಕ್ಕುಳ ಸುತ್ತ ಹಿಡಿದು ಹಿಂಡಿದಂಥ ನೋವು, ದಿನಗಟ್ಟಲೆ ಹೊಟ್ಟೆ ಕಟ್ಟಿಕೊಳ್ಳುವುದು. ಬಾಯಿರುಚಿ ಹೋಗಿತ್ತು. "ನಾಲಿಗೆ ಮ್ಯಾಲೆ ಯಾವಾಗ್ಲೂ ಒಂದು ಕಾಸು ಇಟ್ಕೊಂಡಂಗೆ ಇರ್ತೈತೆ ಕಣೋ" ಎಂದಳು. ನೆಂಟರಲ್ಲಿ ಕೆಲವರು ಇನ್ನೊಂದು ಹೆಣ್ಣಿನ ಮಾತೆತ್ತಿದ್ದರಂತೆ. ಅತ್ತೆ ಅವರ ಬಾಯಿ ಮುಚ್ಚಿಸಿದ್ದರು. "ನನ್ನ ಸೊಸೆಗೆ ರಕ್ತ ಕಡಿಮೆ ಐತೆ, ಗುಣ ಕಡಿಮೆ ಇಲ್ಲ. ರಕ್ತ ಇವತ್ತಲ್ಲ ನಾಳೆ ಬರ್ತೈತೆ. ನಿಮಗೆ ಗುಣ ಬರಾಕಿಲ್ಲ."

ಚನ್ನಗಿರಿಗೆ ಬಂದು ಅವ್ವನಿಗೆ ಹೇಳಿದೆ. ಹೊಟ್ಟೆ ಕಟ್ಟಿದೆ ಎಂದಾಗ ಅವ್ವನಿಗೆ ದಾರಿ ತೋಚಿತು. "ಹೊಟ್ಟೆಗೆ ಅಳಲೆಕಾಯಿ ಅಂದ್ರೆ ಹೆತ್ತವ್ವ ಇದ್ದಂಗೆ" ಎಂದು ಆ ಸಲ ಲೇಹ್ಯಕ್ಕೆ ಅಳಲೆಯನ್ನೂ ನೆಲ್ಲಿಯ ಹುಳಿಯನ್ನೂ ಹೆಚ್ಚು ಮಾಡಿ, ತಪ್ಪಲೆಯಲ್ಲೇ ಇನ್ನಷ್ಟು ಹೊತ್ತು ಕುದಿಸಿ, ಡಬ್ಬಿ ಎರಡು ಮಾಡಿ ಕಳಿಸಿದಳು.

ಆಗ ನಾನು ಎಂ.ಎಸ್ಸಿ. ಎರಡನೇ ವರ್ಷದಲ್ಲಿದ್ದೆ. ನಮ್ಮ ಮೇಷ್ಟ್ರು ಕೊಟ್ಟ ವಿಷಯ ಔಷಧಕ್ಕೆ ಬಳಸುವ ಕಾಯಿ ಹಣ್ಣುಗಳಲ್ಲಿರುವ ಖನಿಜಗಳು. "ನಿಮ್ಮ ಕಡೆ ಇವೆಲ್ಲ ಬೇಕಾದಷ್ಟು ಸಿಗ್ತವಲ್ಲ, ನೀನೇ ಮಾಡು" ಎಂದಿದ್ದರು. ನನಗೆ ಖುಷಿಯಾಗಿತ್ತು. ಕೈಗುಣವೋ ಬೆಲ್ಲದ ಗುಣವೋ ಒಂದು ಸಲ ಇತ್ಯರ್ಥವಾಗಲಿ ಎಂದುಕೊಂಡೆ. ನ್ಯಾಮತಿಯ ಗುಡ್ಡದ ನೆಲ್ಲಿ, ಚನ್ನಗಿರಿ ಕಾಡಿನ ಅಳಲೆ, ಹೊನ್ನಾಳಿಯ ಹೊಳೆ ದಂಡೆಯ ನೇರಳೆ, ಜಗಳೂರಿನ ಬೇಲದ ಹಣ್ಣು. ಆಯಾ ಕಾಲಕ್ಕೆ ಊರೂರಿಗೆ ಹೋಗಿ ತಂದೆ.

ಕೆಲಸ ಹೀಗೆ: ಹಣ್ಣನ್ನು ಬಟ್ಟಿ ಇಳಿಸಿದ ನೀರಿನಲ್ಲಿ ತೊಳೆಯಬೇಕು. ಚಾಕು ತಾಗಿಸಬಾರದು, ಲೋಹದ ಲವಲೇಶವೂ ಹೊರಗಿನಿಂದ ಸೇರಬಾರದು. ಗಾಜಿನ ಅಂಚಿನಲ್ಲಿ ಸೀಳಿ, ಒಣಗಿಸಿ, ಕುಲುಮೆಯಲ್ಲಿಟ್ಟು ಬಿಳಿ ಬೂದಿಯಾಗುವ ತನಕ ಸುಡಬೇಕು. ಆ ಬೂದಿಯನ್ನು ಆಮ್ಲದಲ್ಲಿ ಕರಗಿಸಿ ಒಂದೊಂದು ಲೋಹವನ್ನೂ ಹುಡುಕಬೇಕು. ಪೊಟ್ಯಾಸಿಯಂ ಧಾರಾಳವಾಗಿತ್ತು. ಸುಣ್ಣದ ಅಂಶ ಒಂದಿಷ್ಟು. ಕಬ್ಬಿಣ ಮಾತ್ರ ನಾನು ಎಣಿಸಿದ್ದಕ್ಕಿಂತ ತೀರ ಕಡಿಮೆ. ನೆಲ್ಲಿಕಾಯಿ ತಿಂದರೆ ರಕ್ತ ಬರುತ್ತದೆ ಎಂಬ ಅವ್ವನ ಮಾತಿಗೆ ನೆಲ್ಲಿಕಾಯಿಯೊಳಗೆ ಆಧಾರ ಸಿಗಲಿಲ್ಲ. ನಾನು ಗೆದ್ದೆ ಅಂದುಕೊಂಡೆ. ಸೀಸದಂಥ ಕೆಟ್ಟ ಲೋಹಗಳನ್ನೂ ಹುಡುಕಿದ್ದೆ. ನಮ್ಮ ವಿಧಾನಕ್ಕೆ ಸಿಗುವಷ್ಟು ಯಾವ ಹಣ್ಣಿನಲ್ಲೂ ಇರಲಿಲ್ಲ.

ಬೇಲದ ಹಣ್ಣು ತರಲು ಜಗಳೂರಿಗೆ ಹೋದಾಗ ಅಕ್ಕ ಮತ್ತೆ ಬಸುರಿ, ಹೊಸದು. ಬಚ್ಚಲ ಹತ್ತಿರ ಕರೆದು, ಅರ್ಧ ಖಾಲಿಯಾದ ಒಂದು ಡಬ್ಬಿ ನನ್ನ ಕೈಗೆ ಕೊಟ್ಟಳು.

"ಇದನ್ನ ತಗೊಂಡು ಹೋಗಿಬಿಡೋ. ಅತ್ತೆ ಕೇಳಿದ್ರೆ ಖಾಲಿ ಆತು ಅಂತೀನಿ. ನಾಲಿಗೆಗೆ ಇಟ್ರೆ ವಾಂತಿ ಬರ್ತೈತೆ."

"ಅವ್ವಂಗೆ ಹೇಳ್ಲೇನು?"

"ಬ್ಯಾಡ. ಅಷ್ಟು ಕಷ್ಟಪಟ್ಟು ಮಾಡ್ತಾಳೆ. ಇನ್ನೊಂದು ಡಬ್ಬಿ ಐತೆ ಬಿಡು, ಅದನ್ನ ತಿಂತೀನಿ."

ಹಾಸ್ಟೆಲಿನ ನನ್ನ ಟ್ರಂಕಿನಲ್ಲಿ ಅವ್ವ ನನಗೆಂದು ಕೊಟ್ಟ ಕರಿ ಲೇಹ್ಯದ ಸೀಸೆಯೂ ಇತ್ತು, ಮುಚ್ಚಳ ತೆಗೆಯದೆ. ಎರಡೂ ಪಕ್ಕಪಕ್ಕದಲ್ಲಿದ್ದವು. ಎರಡನ್ನೂ ಯಾಕೆ ಸುಟ್ಟೆನೋ ಹೇಳಲಾರೆ. ಅವು ನನ್ನ ಕೆಲಸದ ಭಾಗವಾಗಿರಲಿಲ್ಲ. ಕುಲುಮೆ ಖಾಲಿ ಇತ್ತು, ಸುಮ್ಮನಿರಲಾಗದ ಸ್ವಭಾವ ನನ್ನದು.

ಕರಿ ಲೇಹ್ಯದ ಬೂದಿಯೇ ಕೆಂಪಗೆ ಬಂತು. ಕಬ್ಬಿಣದ ಪರೀಕ್ಷೆಗೆ ಅದು ರಕ್ತದ ಬಣ್ಣ ಕೊಟ್ಟಿತು. ದ್ರಾವಣವನ್ನು ಎಷ್ಟು ತೆಳುವು ಮಾಡಿದರೂ ಬಣ್ಣ ಇಳಿಯಲೊಲ್ಲದು. ಹಣ್ಣಿನಲ್ಲಿ ಇರದಿದ್ದ ಕಬ್ಬಿಣ ಬಾಣಲೆಯಿಂದ ಬಂದಿತ್ತು. ನೆಲ್ಲಿಯ ಹುಳಿ ಅದನ್ನು ಕೆರೆದು ತಂದಿತ್ತು. ಬಾಣಲೆ ಒಪ್ಪಿಕೊಂಡಿತ್ತು. ನಾನು ತಿಂಗಳುಗಟ್ಟಲೆ ಯಾವುದು ಸೇರಬಾರದೆಂದು ಗಾಜಿನಲ್ಲಿ ಹಣ್ಣು ಸೀಳಿದೆನೋ ಅದೇ ಅವ್ವನ ಔಷಧವಾಗಿತ್ತು. ನಗು ಬಂತು.

ಆಮೇಲೆ ಹೊಂಬಣ್ಣದ್ದು. ಅದರಲ್ಲಿ ಕಬ್ಬಿಣ ಹೆಚ್ಚಿರಲಿಲ್ಲ. ಸೀಸ ಹುಡುಕುವುದಕ್ಕೆ ಒಂದು ಹಸಿರು ಬಣ್ಣದ ದ್ರಾವಣ ಇರುತ್ತದೆ. ಸೀಸವಿದ್ದರೆ ಅದು ಕೆಂಪಾಗುತ್ತದೆ. ಅಲ್ಲಾಡಿಸಿ ಇಟ್ಟೆ. ತಳದಲ್ಲಿ ಕೆಂಪು ನಿಂತಿತು.

ಕಲಾಯಿಯ ತವರದಲ್ಲಿ ಸೀಸ ಬೆರೆತಿರುವುದುಂಟು ಎಂದು ಓದಿದ್ದೆ. ಕೊಂಡು ತರುವಾಗಲೇ ಬೆರಕೆಯಾಗಿ ಬರುತ್ತದೆ, ಬಳಿಯುವವರಿಗೂ ಗೊತ್ತಿರುವುದಿಲ್ಲ. ಹೊಟ್ಟೆ ಹಿಂಡುವ ನೋವು, ಮಲ ಕಟ್ಟುವುದು, ಬಿಳಿಚಿಕೊಳ್ಳುವುದು, ಬಸುರು ನಿಲ್ಲದಿರುವುದು, ಇವೆಲ್ಲ ಸೀಸ ಮಾಡುವ ಕೆಲಸ. ಮೇಷ್ಟ್ರಿಗೆ ತೋರಿಸಿದೆ. ಅವರು ಗ್ಲಾಸನ್ನು ಬೆಳಕಿಗೆ ಹಿಡಿದು, "ಒಂದು ಸಲ ಬಂದದ್ದು ಬಂದದ್ದಲ್ಲ. ಗಾಜು ಸರಿಯಾಗಿ ತೊಳೆದು ಇನ್ನೊಮ್ಮೆ ಮಾಡು" ಎಂದರು. ಸರಿಯಾದ ಮಾತು. ನಾನೇ ಎಲ್ಲರಿಗೂ ಹೇಳುತ್ತಿದ್ದ ಮಾತು. ಆದರೆ ಜಗಳೂರಿನಲ್ಲಿ ಇನ್ನೊಂದು ಡಬ್ಬಿ ಇತ್ತು, ಅತ್ತೆ ಚಮಚ ಹಿಡಿದು ಕೂತಿದ್ದರು, ಅಕ್ಕನಿಗೆ ತಿಂಗಳು ತುಂಬಬೇಕಿತ್ತು. ನಾನು ಬಸ್ಸು ಹತ್ತಿದೆ.

ಚನ್ನಗಿರಿಯಲ್ಲಿ ಇಳಿದು ಮನೆಗೆ ಬಂದರೆ ಅವ್ವ ಒಲೆಯ ಮುಂದೆ. ಒಲೆಯ ಮೇಲೆ ಅದೇ ತಪ್ಪಲೆ. ಬಸುರಿ ಮಗಳಿಗೆ ಹೊಸ ಲೇಹ್ಯ.

ಇಲ್ಲಿ ನನ್ನ ನೆನಪು ನನಗೆ ಕೈಕೊಡುತ್ತದೆ. "ಅವ್ವಾ, ಈ ಕಲಾಯಿಯೊಳಗೆ ಸೀಸ ಐತೆ, ಅಕ್ಕನ ಹೊಟ್ಟೆನೋವು ಇದರಿಂದ್ಲೇ ಬಂದಿರಬೇಕು" ಎಂದೆ. ಇದು ನನಗೆ ನೆನಪಿರುವ ಮಾತು. ಅಕ್ಕ ಹೇಳುವುದು ಬೇರೆ. ಅವ್ವ ಅವಳಿಗೆ ಹೇಳಿದ್ದಳಂತೆ, "ಮಗ ಬಂದು, ನೀನು ಮಗಳಿಗೆ ವಿಷ ತಿನ್ನಿಸ್ತಿದ್ದೀಯ ಅಂದ" ಎಂದು. ವಿಷ ಎಂಬ ಮಾತನ್ನು ನಾನು ಆಡಿದೆನೆ? ದಾರಿಯುದ್ದಕ್ಕೂ ಬಸ್ಸಿನಲ್ಲಿ ಆ ಮಾತು ನನ್ನ ತಲೆಯೊಳಗಿತ್ತು. ಬಾಯಿಗೂ ಬಂದಿರಬಹುದು. ಆಡಲಿಲ್ಲ ಎಂದು ಆಣೆ ಮಾಡಲಾರೆ.

ಅವ್ವ ಮಸಿಬಟ್ಟೆಯಲ್ಲಿ ತಪ್ಪಲೆ ಹಿಡಿದು ಇಳಿಸಿ, ಹಿತ್ತಿಲಿಗೆ ಒಯ್ದು ತಿಪ್ಪೆಗೆ ಸುರಿದು ಬಂದಳು. ಬಂದವಳು ಹೊಸ್ತಿಲ ಮೇಲೆ ಕೂತು ಕೇಳಿದಳು:

"ಆ ಎರಡೂ ಇದರಿಂದಾನೇ ಹೋದ್ವೇನೋ?"

"ಇರಬಹುದು" ಎಂದೆ.

ನನಗೆ ಇದು ಪ್ರಾಮಾಣಿಕ ಉತ್ತರ. ಒಂದು ಪರೀಕ್ಷೆಯಿಂದ ಅದಕ್ಕಿಂತ ಹೆಚ್ಚು ಹೇಳಲಾಗದು, ಕಡಿಮೆ ಹೇಳಲೂ ಆಗದು. 'ಇರಬಹುದು' ಎಂದರೆ ಇಲ್ಲದೆಯೂ ಇರಬಹುದು ಎಂದು ನಾವು ತರಗತಿಯಲ್ಲಿ ಕಲಿತಿದ್ದೆವು. ಅವ್ವ ಆ ತರಗತಿಯಲ್ಲಿ ಕೂತವಳಲ್ಲ. ಅವಳು ತನ್ನ ಎರಡು ಅಂಗೈಯನ್ನೂ ಸೀರೆಗೆ ಒರೆಸಿಕೊಂಡಳು, ಮತ್ತೆ ಒರೆಸಿಕೊಂಡಳು.

ಮರುದಿನ ಅವ್ವ, ನಾನು ಜಗಳೂರಿಗೆ ಹೋದೆವು. "ಲೇಹ ಕೆಟ್ಟೈತೆ ಬೀಗರೇ, ಕೊಡಬ್ಯಾಡ್ರಿ" ಎಂದಷ್ಟೇ ಹೇಳಿ ಅವ್ವ ಡಬ್ಬಿ ಇಸಿದುಕೊಂಡಳು. ಅತ್ತೆ ಅವ್ವನ ಮುಖ ನೋಡಿದರು. ಆ ಸಲ ನಗೆಮಾತು ಆಡಲಿಲ್ಲ. ಅಕ್ಕನನ್ನು ಕರೆದುಕೊಂಡು ಬರುವ ದಾರಿಯಲ್ಲಿ ದಾವಣಗೆರೆಯಲ್ಲಿ ಡಾಕ್ಟರಿಗೆ ತೋರಿಸಿದೆವು. ನಾನು ಹೇಳಿದ್ದನ್ನು ಅವರು ಕೇಳಿಸಿಕೊಂಡರು, ಅಲ್ಲಗಳೆಯಲಿಲ್ಲ. ಕಬ್ಬಿಣದ ಮಾತ್ರೆ ಕೊಟ್ಟರು, ಸೂಜಿ ಚುಚ್ಚಿದರು, ಭಾರ ಎತ್ತಬಾರದು, ಹೆರಿಗೆ ತನಕ ತವರಿನಲ್ಲೇ ಇರಲಿ ಎಂದರು.

ಈ ಸಲ ಬಸುರು ನಿಂತಿತು. ಅಕ್ಕನ ಹೊಟ್ಟೆನೋವು ಇಳಿಯಿತು, ಕಿವಿ ಹಾಲೆಗೆ ಬಣ್ಣ ಬಂತು. ಹೆಣ್ಣು ಮಗು ಹುಟ್ಟಿತು. ಅತ್ತೆ ಜಗಳೂರಿನಿಂದ ಬಂದು, ಮಗುವನ್ನು ಎತ್ತಿಕೊಂಡು ಬೀದಿಗೆಲ್ಲ ಕೇಳುವಂತೆ, "ನನ್ನಂಗೇ ಗಂಟಲು ಐತೆ ನೋಡ್ರಿ" ಎಂದು ನಕ್ಕರು.

ಆದರೆ ಅವ್ವ ಬಾಣಂತಿ ಲೇಹ್ಯವನ್ನು ಮಾಡಲಿಲ್ಲ. ಪಕ್ಕದ ಮನೆಯಿಂದ ಮಾಡಿಸಿ ತಂದಳು. ಯಾರ ಮನೆಯ ಬಾಣಂತಿಗೂ ಲೇಹ್ಯ ಹೋಗುತ್ತಿದ್ದದ್ದು ನಮ್ಮ ಮನೆಯಿಂದ. ನಮ್ಮ ಮನೆಯ ಬಾಣಂತಿಗೆ ಹೊರಗಿನಿಂದ ಬಂತು. "ಇದೇನವ್ವಾ, ಮಗಳ ಬಾಣಂತನಕ್ಕೆ ನಿನ್ನ ಕೈ ನೋಯ್ತೈತಾ?" ಎಂದು ಬೀದಿಯವರು ಕೇಳಿದರೆ, "ಹೌದು, ರಟ್ಟೆ ಹಿಡ್ಕೊಂಡೈತೆ" ಎನ್ನುವಳು. ಅಕ್ಕ ಇವತ್ತಿಗೂ ಅವ್ವನಿಗೆ ರಟ್ಟೆ ನೋವಿತ್ತು ಎಂದೇ ನಂಬಿದ್ದಾಳೆ. ಇರಬಹುದು.

ತಪ್ಪಲೆ ಗುಜರಿಗೆ ಹೋಯಿತು. ಬಾಣಲೆ ಅಡುಗೆಮನೆಯ ಗೂಟಕ್ಕೆ ಏರಿತು. ನೆಲ್ಲಿಕಾಯಿ ಕಾಲಕ್ಕೆ ಹೊನ್ನಾಳಿಯ ಮಾವ ಚೀಲ ಕಳಿಸಿದರೆ ಅವ್ವ ಅದನ್ನು ಉಪ್ಪಿನಕಾಯಿಗೆ ಕೊಟ್ಟುಬಿಡುವಳು. ಬಟ್ಟಲು ಹಿಡಿದು ಬರುವವರು ಬರುಬರುತ್ತ ಕಡಿಮೆಯಾದರು.

ನಾನು ಊರೂರು ಕಾಲೇಜುಗಳಲ್ಲಿ ಕೆಲಸ ಬದಲಿಸುತ್ತ ತಿರುಗಿದೆ. ಎಲ್ಲಿಯೂ ಒಂದೇ ಕಡೆ ನಿಲ್ಲಲಿಲ್ಲ. ಆ ಕೆಂಪು ಮಾತ್ರ ಜೊತೆಗೇ ಬಂತು. ಪಾಠ ಮಾಡುವಾಗ ಒಂದು ದಿನ ಹೊಳೆಯಿತು: ಆ ಹಸಿರು ದ್ರಾವಣ ಸೀಸಕ್ಕೆ ಮಾತ್ರ ಕೆಂಪಾಗುವುದಲ್ಲ. ತಾಮ್ರ, ಸತು ಅಡ್ಡಬರದಂತೆ ಬೇರೆ ರಾಸಾಯನಿಕ ಬೆರೆಸಬೇಕು. ಬೆರೆಸಿದ್ದೆ, ಖಂಡಿತ ಬೆರೆಸಿದ್ದೆ ಎಂದು ಒಂದು ಮನಸ್ಸು. ತವರವೂ ಒಂದು ರೂಪದಲ್ಲಿ ಅಡ್ಡಬರುತ್ತದೆ. ಹಾಗಾದರೆ ನಾನು ನೋಡಿದ್ದು ಬೆರಕೆಯಿಲ್ಲದ ಶುದ್ಧ ಕಲಾಯಿಯನ್ನೇ? ಸುಡುವಾಗ ತವರದ ಆ ರೂಪ ಬದಲಾಗಿರುತ್ತದೆ, ಅಡ್ಡಬಂದಿರಲಾರದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಎರಡನೇ ಸಲ ಮಾಡಲಿಲ್ಲವಲ್ಲ. ನನ್ನ ಹತ್ತಿರವಿದ್ದದ್ದೂ ಸೇರಿ ಡಬ್ಬಿಗಳನ್ನು ಅವ್ವ ಎಲ್ಲಿ ಎಸೆದಳೋ ಎಸೆದಿದ್ದಳು. ಮತ್ತೆ ಅಕ್ಕ ಹುಷಾರಾದದ್ದಾದರೂ ಯಾತರಿಂದ? ಲೇಹ್ಯ ನಿಂತದ್ದರಿಂದಲೋ, ಮಾತ್ರೆಯಿಂದಲೋ, ತವರಿನ ವಿಶ್ರಾಂತಿಯಿಂದಲೋ? ಎಲ್ಲವನ್ನೂ ಒಟ್ಟಿಗೆ ಬದಲಿಸಿ ಇದರಿಂದಲೇ ಆಯಿತು ಎಂದು ಬರೆಯುವ ವಿದ್ಯಾರ್ಥಿಗೆ ನಾನು ಅಂಕ ಕೊಡುತ್ತಿರಲಿಲ್ಲ.

ಒಂದು ರಜೆಯಲ್ಲಿ ಇದನ್ನು ಅವ್ವನಿಗೆ ಹೇಳಿದೆ. ಹೇಳಿದರೆ ಅವಳ ಎದೆ ಹಗುರಾಗುತ್ತದೆ ಎಂದುಕೊಂಡಿದ್ದೆ. ಅವಳು ಮೊರದಲ್ಲಿ ಅಕ್ಕಿ ಕೇರುತ್ತಿದ್ದಳು.

"ಅವ್ವಾ, ಅದು ಸೀಸ ಅಲ್ದೇನೂ ಇರಬಹುದು. ನಾನು ಇನ್ನೊಂದ್ಸಲ ನೋಡಬೇಕಿತ್ತು."

ಮೊರ ನಿಲ್ಲಲಿಲ್ಲ. "ಅವತ್ತು ಹಂಗಂದಿ. ಇವತ್ತು ಹಿಂಗಂತೀಯ. ಎರಡ್ರಾಗೆ ಒಂದು ಹೇಳು. ನನಗೆ ಎರಡೂ ಹೊತ್ಕೊಂಡು ತಿರುಗಾಕೆ ಆಗಲ್ಲ."

ಒಂದು ಹೇಳಲು ನನ್ನಿಂದಾಗಲಿಲ್ಲ. ಬೇರೆ ಕಡೆಯಿಂದ ಬಂದೆ.

"ಕರೀದು ಒಳ್ಳೇದಿತ್ತವ್ವಾ. ಅದು ಮಾತ್ರ ಖರೆ. ಬಾಣಲೆಯಿಂದ ಕಬ್ಬಿಣ ಇಳೀತೈತೆ, ರಕ್ತಕ್ಕೆ ಬೇಕಾದದ್ದು ಅದೇ. ನೀನು ಅದನ್ನ ಮಾಡಬಹುದು."

ಅವ್ವ ಆಗ ಮೊರ ಕೆಳಗಿಟ್ಟಳು. "ಕರೀದು ಒಳ್ಳೇದು ಅಂತ ನನಗೂ ಗೊತ್ತಿತ್ತಲ್ಲಪ್ಪಾ. ನಮ್ಮವ್ವ ಹೇಳಿಕೊಟ್ಟಿದ್ಲು, ಬಾಣಲೆ ಒಪ್ಪಬೇಕು ಅಂತ. ಗೊತ್ತಿದ್ದೂ ಬಿಟ್ಟೆ. ಯಾತಕ್ಕೆ? ಆಯಮ್ಮ ನಕ್ಳು ಅಂತ." ಮೊರ ಎತ್ತಿಕೊಂಡು, "ಸೀಸ ಇತ್ತೋ ಇಲ್ವೋ ನಿನಗೆ ಗೊತ್ತು. ನಾನು ಬಣ್ಣ ನೋಡ್ದೆ. ಅದು ನನಗೆ ಗೊತ್ತು."

ನಾನು ಅದಕ್ಕೆ ಯಾವ ಪರೀಕ್ಷೆಯನ್ನೂ ಓದಿರಲಿಲ್ಲ. ಅವಳು ಮತ್ತೆ ಅಕ್ಕಿ ಕೇರಿದಳು.

ಎಂಬತ್ತರ ದಶಕದ ಕೊನೆಯಲ್ಲಿ ಅಕ್ಕನ ಮಗಳಿಗೆ ಟೈಫಾಯಿಡ್ ಆಯಿತು. ಜ್ವರ ಬಿಟ್ಟರೂ ಹುಡುಗಿ ಮೇಲೇಳಲಿಲ್ಲ. ಆಗ ಅಕ್ಕನ ಅತ್ತೆ, ಮಂಡಿ ನೋವಿನ ಕಾಲೆಳೆಯುತ್ತ ಜಗಳೂರಿನಿಂದ ಬಸ್ಸು ಹತ್ತಿ ಚನ್ನಗಿರಿಗೆ ಬಂದರು. ನಾನು ಊರಿನಲ್ಲಿದ್ದೆ. ಇದು ನನ್ನ ಕಣ್ಣೆದುರಿಗೇ ನಡೆದದ್ದು. ಅವರು ಪಡಸಾಲೆಯಲ್ಲಿ ಕೂತು ನೀರು ಕುಡಿದು, ಗಂಟಲು ತಗ್ಗಿಸಿ ಹೇಳಿದರು:

"ಬೀಗರೇ, ಹುಡುಗಿಗೆ ಲೇಹ ಬೇಕು. ಬಂಗಾರದ ಬಣ್ಣದ್ದು ಬ್ಯಾಡ. ಮೊದಲ್ನೇ ಸಲ ತಂದಿದ್ರಲ್ಲ, ಅದು."

"ಯಾವುದ್ರೀ?"

"ಕೀಲೆಣ್ಣೆ."

ಅವ್ವ ನಕ್ಕಳು. ಬಹಳ ವರ್ಷದ ಮೇಲೆ ಹಾಗೆ ನಕ್ಕದ್ದು. "ಈಗ ಎಲ್ಲಿ ಆಗ್ತೈತ್ರೀ ನನಗೆ. ಕೈ ಹೋತು. ಅಂಗಡ್ಯಾಗೆ ಚಲೋದು ಸಿಗ್ತೈತೆ ಅಂತಾರೆ, ಕಳಿಸ್ತೀನಿ."

"ಅಂಗಡೀದು ನಮ್ಮೂರಾಗೂ ಸಿಗ್ತೈತೆ. ಇಷ್ಟು ದೂರ ಮಂಡಿ ಎಳ್ಕೊಂಡು ಅದಕ್ಕೆ ಬಂದ್ನೇನು ನಾನು?"

ಅವ್ವ ಎದ್ದು ಅವರಿಗೆ ಎಲೆ ಅಡಿಕೆಯ ತಟ್ಟೆ ತರಲು ಒಳಗೆ ಹೋದಳು. ಅಡುಗೆಮನೆಯಲ್ಲಿ ತುಸು ಹೆಚ್ಚು ಹೊತ್ತೇ ನಿಂತಳು. ಗೂಟದ ಕಡೆ ನೋಡಿದಳೋ ಇಲ್ಲವೋ, ನಾನಿದ್ದ ಜಾಗದಿಂದ ಕಾಣುತ್ತಿರಲಿಲ್ಲ.

ನನ್ನ ನೆನಪಿನ ಪ್ರಕಾರ ಮುಂದಿನ ವಾರ ಜಗಳೂರಿಗೆ ಹೋದದ್ದು ಅಂಗಡಿಯ ಸೀಸೆ. ತಂದುಕೊಟ್ಟವನು ನಾನು. ಮುಚ್ಚಳದ ಕೆಳಗೆ ಬೆಳ್ಳಗಿನ ಮೇಣದ ಕಾಗದ ಅಂಟಿಸಿತ್ತು. ಅತ್ತೆ ಅದನ್ನು ಚಮಚದ ಹಿಡಿಯಿಂದ ಹರಿದರು. ಬಣ್ಣ ನೋಡಿದರು. ಅವರು ಏನಾದರೂ ಅನ್ನಲಿ ಎಂದು ನಾನು ಕಾದದ್ದೂ ನೆನಪಿದೆ.

ಅಕ್ಕ ಇದನ್ನು ಒಪ್ಪುವುದಿಲ್ಲ. "ಅಂಗಡಿ ಸೀಸೆ ನೀನು ತಂದಿದ್ದು ಹೌದು. ಆದರೆ ಅದಾದ ಮ್ಯಾಲೆ ಅವ್ವ ಮಾಡಿ ಕಳಿಸಿದ್ಲು ಕಣೋ, ಹೊನ್ನಾಳಿ ಮಾವನ ಕೈಲಿ. ಕರೀದು. ಮಗಳು ಬೆರಳು ಚೀಪಿ ಚೀಪಿ ಹಲ್ಲೆಲ್ಲ ಕರ್ರಗೆ ಮಾಡ್ಕೊಂಡಿದ್ಲು, ಅತ್ತೆ ನೋಡಿ ನಕ್ಕಿದ್ದು ನನಗಿನ್ನೂ ಕಿವಿಯಾಗೈತೆ. ನೀನು ಅಷ್ಟ್ರೊಳಗೆ ಊರು ಬಿಟ್ಟಿದ್ದೆ." ಹುಡುಗಿಯನ್ನು ಕೇಳಿದೆ. ಅವಳಿಗೆ ಈಗ ಅವಳದೇ ಮಕ್ಕಳು. ಯಾವುದೋ ಸಿಹಿ, ಯಾವುದೋ ಕಪ್ಪು ಎಂದಷ್ಟೇ ಅವಳ ನೆನಪು. ಅತ್ತೆಯೂ ಈಗಿಲ್ಲ, ಹೊನ್ನಾಳಿಯ ಮಾವನೂ ಇಲ್ಲ.

ಅವ್ವ ಹೋದ ಮೇಲೆ ಮನೆ ಖಾಲಿ ಮಾಡುವಾಗ ಬಾಣಲೆಯನ್ನು ನಾನು ತಂದುಕೊಂಡೆ. ಒಳಗೆಲ್ಲ ತುಕ್ಕು. ತುಕ್ಕನ್ನು ಕೆರೆದು ಕರಗಿಸಿದರೆ ಕಬ್ಬಿಣ ಎಷ್ಟಿದೆಯೆಂದು ಹೇಳಬಲ್ಲೆ. ಆ ತುಕ್ಕು ಹಿಡಿಯುವುದಕ್ಕೆ ಮೊದಲು ಅದರಲ್ಲಿ ಕಡೆಯ ಸಲ ನೆಲ್ಲಿಕಾಯಿ ಬೆಂದದ್ದು ಯಾವಾಗ ಎಂದು ಹೇಳುವ ವಿಧಾನ ನನಗೆ ಗೊತ್ತಿಲ್ಲ. ಅಕ್ಕನ ಜೊತೆ ಎಲ್ಲದಕ್ಕೂ ವಾದ ಮಾಡುತ್ತೇನೆ, ಇದೊಂದಕ್ಕೆ ಮಾಡುವುದಿಲ್ಲ. ಅವಳು ಆ ಕಥೆಯನ್ನು ಹೇಳುವಾಗ ನಡುವೆ ಬಾಯಿ ಹಾಕದೆ ಕೇಳುತ್ತೇನೆ. ಕೆಲವು ಸಲ ನಾನೇ ಹೇಳಿಸುತ್ತೇನೆ.